ಅರವತ್ತೊಂದರಿಂದ ಎಪ್ಪತ್ತನಾಲ್ಕು

ಜೀವಶಾಸ್ತ್ರಕ್ಕೆ ಇದ್ದದ್ದು ಒಂದೇ ಪುಸ್ತಕ,
ನಾವು ಏಳು ಜನ.
ಕಾಮ್ವೆಂಡೊ ಮೇಷ್ಟ್ರು ಒಂದು ವಾರ ಯೋಚಿಸಿ
ಮೀನು ಸೀಳುವ ಚಾಕು ತರಿಸಿದರು.
ಬೆನ್ನಿನ ಹೊಲಿಗೆ ಬಿಚ್ಚಿ ಪಾಲು ಹಾಕುವಾಗ
ಮನೆ ಒಡೆದ ಹಿರಿಯನ ಹಾಗೆ
ಯಾರ ಮುಖವನ್ನೂ ನೋಡಲಿಲ್ಲ.

ಜೈನಾಬುವಿಗೆ ಜೀವಕೋಶ.
ಲಿಂಬಾನಿಗೆ ಎಲೆ, ಬೇರು, ಬೆಳಕು.
ಅಲಿನಾಫೆಗೆ ಜಠರ. ನಕ್ಕೆವು,
ಅವಳ ಮನೆಯಲ್ಲಿ ಒಲೆ ಹಚ್ಚದ ರಾತ್ರಿಗಳು ಗೊತ್ತಿದ್ದೂ;
ಮೊದಲು ನಕ್ಕವಳು ಅವಳೇ.
ಅವಳಿ ಹುಡುಗರಿಬ್ಬರಿಗೆ ಮೂಳೆ, ಮತ್ತೆ
ಮೇಷ್ಟ್ರು ಕೆಮ್ಮುತ್ತ ದಾಟಿಸಿದ ಸಂತಾನೋತ್ಪತ್ತಿ.
ನನಗೆ ಕಣ್ಣು, ಕಿವಿ.
ಯಾಮಿಕಾನಿಗೆ ಹೃದಯ,
ಅರವತ್ತೊಂದರಿಂದ ಎಪ್ಪತ್ತನಾಲ್ಕನೇ ಪುಟ.

ಶನಿವಾರ ಸಂಜೆ ಅದಲುಬದಲು,
ಸರೋವರದ ದಂಡೆಯ ಹಿಟ್ಟಿನ ಗಿರಣಿಯಲ್ಲಿ.
ಕರೆಂಟಿನ ದೀಪ ಇದ್ದದ್ದು ಅಲ್ಲೊಂದೇ.
ಎಷ್ಟು ಬೇಕಾದರೂ ಓದಿ, ಅನ್ನುತ್ತಿದ್ದ ಗಿರಣಿಯ ಅಬೂದು,
ತೌಡಿನ ಮೂಟೆ ಮೇಲೆ ಮಾತ್ರ ಕೂರಬೇಡಿ, ಮಾರುವ ಮಾಲು.
ಹಾಳೆ ಮೂಸಿದರೆ ಸಾಕು,
ಯಾರ ಮನೆಯಿಂದ ಬಂತೆಂದು ಹೇಳುತ್ತಿದ್ದೆವು:
ಒಣಗಿದ ಉಸಿಪಾ ಮೀನು, ಸೀಮೆಎಣ್ಣೆ,
ಎಳೆಗೂಸಿನ ಉಚ್ಚೆ.

ಒಂದು ಶನಿವಾರ ಯಾಮಿಕಾನಿ ಬರಲಿಲ್ಲ.
ಕಸುಂಗುವಿನ ಹೊಗೆಸೊಪ್ಪಿನ ತೋಟಕ್ಕೆ
ಅಪ್ಪನ ಹಿಂದೆ ಲಾರಿ ಹತ್ತಿದನಂತೆ,
ಚೀಲದಲ್ಲಿ ಒಂದು ಅಂಗಿ, ಒಂದು ತಟ್ಟೆ,
ನಮ್ಮೆಲ್ಲರ ಹೃದಯ.
ಕಳ್ಳ, ಎಂದ ಲಿಂಬಾನಿ.
ಯಾರೂ ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ.

ಪರೀಕ್ಷೆಗೆ ಒಂಬತ್ತು ವಾರ.
ಜೈನಾಬು ಕಟುಕನ ಕಟ್ಟೆಯ ಮುಂದೆ ನಿಂತಳು,
ಹಿಂದೆ ನಾವು ಐವರು.
ಆಡಿನ ಗುಂಡಿಗೆ ಎಷ್ಟು?
ಕೊಳ್ಳುತ್ತೀಯಾ?
ಇಲ್ಲ, ನೋಡಬೇಕು.
ನೋಡುವುದಕ್ಕೆ ದುಡ್ಡಿಲ್ಲ ಎಂದು
ನೊಣ ಓಡಿಸಿ, ಉದ್ದಕ್ಕೆ ಸೀಳಿ ಬಿಡಿಸಿಟ್ಟ.
ಮೇಲೆರಡು ಕೋಣೆ, ಕೆಳಗೆರಡು.
ಎಡಗೋಡೆ ಯಾಕೆ ಇಷ್ಟು ದಪ್ಪ?
ಬಲಗಡೆಯದು ಪಕ್ಕದ ಮನೆಗೆ ಹೋಗಿ ಬಂದರಾಯಿತು,
ಎಡಗಡೆಯದು ಗೊರಸಿನ ತುದಿವರೆಗೂ ದುಡಿಯಬೇಕಲ್ಲ,
ಎಂದ, ನಾಲ್ಕನೇ ತರಗತಿ ದಾಟದವನು.
ನೋಡಿ ಮುಗಿಸಿದ ಗುಂಡಿಗೆಯನ್ನು
ಮುದುಕಿಯೊಬ್ಬಳು ಕೊಂಡುಹೋದಳು.
ತೂಕದಲ್ಲಿ ಏನೂ ಕಡಿಮೆಯಾಗಿರಲಿಲ್ಲ.

ಇನ್ನಾರು ದಿನ ಇರುವಾಗ
ಮಿನಿಬಸ್ಸಿನ ಕ್ಲೀನರ್ ಗಿರಣಿಯ ಬಾಗಿಲಿಗೆ
ಬಾಳೆನಾರಿನಲ್ಲಿ ಸುತ್ತಿದ ಕಟ್ಟೊಂದನ್ನು ಎಸೆದ.
ಹೊಗೆಸೊಪ್ಪು ತೂಗುವ ಚೀಟಿಗಳು.
ಮುಂಬದಿಯಲ್ಲಿ ಕಿಲೋ, ದರ್ಜೆ, ಕಡಿತ,
ಅಪ್ಪನ ಹೆಸರಿನಲ್ಲಿ ಬೆಳೆಯುತ್ತ ಹೋಗುವ ಬಾಕಿ.
ತಿರುಗಿಸಿದರೆ ಅಪಧಮನಿ, ಅಭಿಧಮನಿ, ಕವಾಟ;
ಹದಿನಾಲ್ಕು ಪುಟವೂ, ಚಿತ್ರ ಸಮೇತ,
ಬಾಣದ ಗುರುತು ಕೂಡ ಬಿಡದೆ,
ಯಾಮಿಕಾನಿಯ ಓರೆ ಅಕ್ಷರ.
ಕೊನೆಯ ಚೀಟಿಯಲ್ಲಿ:
ಅಚ್ಚಿನದು ನನ್ನ ಹತ್ತಿರವೇ ಇರಲಿ,
ಇನ್ನೂ ಓದಿ ಮುಗಿದಿಲ್ಲ.
ಕಣ್ಣಿನ ಪಾಠ ಯಾರ ಬಳಿ ಇದೆ? ಕಳಿಸಿ.

ನನ್ನ ಬಳಿ ಇತ್ತು.
ಆ ರಾತ್ರಿ ನಾನು ಪರೀಕ್ಷೆಗೆ ಓದಲಿಲ್ಲ, ಬರೆದೆ.
ಲಿಂಬಾನಿ ಎಣ್ಣೆ ತಂದ; ಏನೂ ಮಾತಾಡದೆ
ನನ್ನ ಪೆನ್ಸಿಲ್ ಚೂಪು ಮಾಡುತ್ತ ಕೂತ.
ಪಾರದರ್ಶಕ ಪಟಲ ಎನ್ನುವುದನ್ನು
ನಾಲ್ಕು ಸಲ ತಪ್ಪಾಗಿ ಬರೆದು ಐದನೆಯದಕ್ಕೆ ಸರಿ ಮಾಡಿದೆ.
ಬೆಳಗ್ಗೆ ಬಸ್ಸಿಗೆ ಕೊಟ್ಟೆ. ತಲುಪಿತೋ, ಗೊತ್ತಿಲ್ಲ.

ಪ್ರಶ್ನೆಪತ್ರಿಕೆಯಲ್ಲಿ ಹೃದಯ ಬರಲೇ ಇಲ್ಲ.

ಪಾಲುಗಳನ್ನೆಲ್ಲ ಮೇಷ್ಟ್ರು ವಾಪಸ್ಸು ಪಡೆದು
ಬಲೆಯ ದಾರದಿಂದ ಹೊಲಿದರು,
ಅರವತ್ತರ ನಂತರ ತೂಕದ ಚೀಟಿಗಳನ್ನೂ ಸೇರಿಸಿ.
ಮುಂದಿನ ವರ್ಷದ ಮಕ್ಕಳು ದೂರಿದರಂತೆ:
ಸಾರ್, ನಡುವಿನ ಹಾಳೆಗಳಲ್ಲಿ ಅಕ್ಷರ ಓರೆ.
ತಲೆ ಓರೆ ಮಾಡಿ ಓದಿ, ಎಂದರಂತೆ.